ನಂಬಿಕೆ ದೇವರು ಕೊಟ್ಟದ್ದೋ, ನಾವು ಆರಿಸಿಕೊಂಡದ್ದೋ? ದೃಢೀಕರಣಕ್ಕೆ ಮುಂಚೆ ಮಗಳು ಕೇಳಿದ ಪ್ರಶ್ನೆ

ಮಂಗಲಪೇಟೆಯ ತಾಯಿ (ಬೀದರ)

ಎಲ್ಲರಿಗೂ ವಂದನೆಗಳು. ನಾನು ಮೆಥೋಡಿಸ್ಟ್ ಸಭೆಯವಳು. ಹುಟ್ಟಿದ್ದು, ಬೆಳೆದದ್ದು ಬೀದರದಲ್ಲಿಯೇ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನನ್ನ ಮಗಳಿಗೆ ಈಗ 15 ವರ್ಷ. ದೃಢೀಕರಣದ, ಅಂದರೆ ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದವರು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿಯ, ತರಗತಿಗೆ ಹೆಸರು ಕೊಡುವ ಕಾಗದ ಮನೆಗೆ ಬಂದಾಗ ಅವಳು ಅದನ್ನು ಎರಡು ಸಲ ಓದಿ, "ಅಮ್ಮಾ, ಇದರಲ್ಲಿ ಸ್ವಂತ ಮನಸ್ಸಿನಿಂದ ಒಪ್ಪುತ್ತೇನೆ ಎಂದು ಬರೆದಿದೆ. ಹೋದ ಭಾನುವಾರ ಅಯ್ಯನವರು ನಂಬಿಕೆ ದೇವರ ವರ ಎಂದು ಪ್ರಸಂಗ ಮಾಡಿದರು. ಯಾವುದು ನಿಜ?" ಎಂದು ಕೇಳಿದಳು. ನಾನು ಎರಡೂ ನಿಜ ಎಂದೆ. ಅದು ತಪ್ಪಿಸಿಕೊಳ್ಳುವ ಉತ್ತರವೆಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಆಮೇಲೆ ಅವಳು ಕೇಳಿದ್ದು ಇನ್ನೂ ಕಷ್ಟದ್ದು. ವರವೇ ಆಗಿದ್ದರೆ, ಪಕ್ಕದ ಮನೆಯ ನನ್ನ ಲಿಂಗಾಯತ ಗೆಳತಿಗೆ ಅದನ್ನು ಏಕೆ ಕೊಡಲಿಲ್ಲ? ನನ್ನ ಆಯ್ಕೆಯೇ ಆಗಿದ್ದರೆ, ನಾನು 4 ತಿಂಗಳ ಕೂಸಾಗಿದ್ದಾಗ ದೀಕ್ಷಾಸ್ನಾನ ಮಾಡಿಸಿದಿರಲ್ಲ, ಆಗ ನನ್ನನ್ನು ಕೇಳಿದವರು ಯಾರು?

ನಾನು ಸುಮ್ಮನಾದೆ. ಈ ಪ್ರಶ್ನೆಗೆ ಸತ್ಯವೇದದ ಒಂದು ವಚನ ಬರೆದು ಮುಗಿಸುವವರು ದಯವಿಟ್ಟು ಸ್ವಲ್ಪ ತಡೆದು ಬರೆಯಬೇಕು ಎಂದು ವಿನಂತಿಸುತ್ತೇನೆ. ವಚನಗಳನ್ನು ಅವಳೇ ನನಗಿಂತ ಚೆನ್ನಾಗಿ ಬಲ್ಲಳು.

ಯಾದಗಿರಿಯ ವಾಚಕ

ಅಕ್ಕನವರೇ, ನಿಮ್ಮ ಮಗಳ ಮೊದಲ ಪ್ರಶ್ನೆಗೆ ನಾನು ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ. ನಂಬಿಕೆ ಮೊದಲಿನಿಂದ ಕೊನೆಯವರೆಗೂ ದೇವರ ವರವೇ. ತಂದೆಯು ಎಳೆಯದ ಹೊರತು ಯಾರೂ ತನ್ನ ಬಳಿಗೆ ಬರಲಾರರು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಯೋಹಾನ 6:44). 'ಬರುವುದಿಲ್ಲ' ಎನ್ನುವುದಕ್ಕೂ 'ಬರಲಾರರು' ಎನ್ನುವುದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಫಿಲಿಪ್ಪಿಯ ನದಿಯ ದಂಡೆಯಲ್ಲಿ ಪೌಲನ ಮಾತು ಕೇಳುತ್ತ ಕುಳಿತ ಹೆಂಗಸರು ಹಲವರಿದ್ದರು. ಅವರಲ್ಲಿ ಲುದ್ಯಳ ಹೃದಯವನ್ನು ತೆರೆದವನು ಕರ್ತನೆಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ಹೇಳುತ್ತದೆ. ಲುದ್ಯಳು ತಾನೇ ತೆರೆದುಕೊಂಡಳು ಎಂದು ಹೇಳುವುದಿಲ್ಲ. ಎಫೆಸದವರಿಗೆ ಬರೆದ ಪತ್ರದ 2:8 ಅಂತೂ ಎಲ್ಲರಿಗೂ ಬಾಯಿಪಾಠ.

ಇದನ್ನು ನಾನು ವಾದಕ್ಕಾಗಿ ಹಿಡಿದುಕೊಂಡವನಲ್ಲ. ಕಲಬುರಗಿಯಲ್ಲಿ ಓದುತ್ತಿದ್ದಾಗ ಒಂದು ಉಜ್ಜೀವನ ಕೂಟದಲ್ಲಿ ಕೈ ಎತ್ತಿ ನನ್ನ ಹೃದಯವನ್ನು ಯೇಸುಸ್ವಾಮಿಗೆ ಕೊಟ್ಟೆ. ಮರುವರ್ಷ, ಹೋದ ಸಲ ನಿಜವಾಗಿ ಕೊಟ್ಟಿದ್ದೆನೋ ಇಲ್ಲವೋ ಎಂಬ ಸಂಶಯ ಬಂದು ಮತ್ತೆ ಎತ್ತಿದೆ. ಮೂರನೆಯ ವರ್ಷವೂ ಹಾಗೆಯೇ ಆಯಿತು. ನನ್ನ ರಕ್ಷಣೆ ನನ್ನ ನಿರ್ಧಾರದ ಗಟ್ಟಿತನದ ಮೇಲೆ ನಿಂತಿದ್ದರೆ, ನನ್ನ ನಿರ್ಧಾರ ಎಷ್ಟು ಗಟ್ಟಿಯೆಂದು ನನಗೆ ಗೊತ್ತಿತ್ತು. ಹಿಡಿದವನು ನಾನಲ್ಲ, ನನ್ನನ್ನು ಹಿಡಿದವನು ಆತನು ಎಂದು ಅರ್ಥವಾದ ರಾತ್ರಿಯೇ ನಾನು ನಿಶ್ಚಿಂತೆಯಿಂದ ಮಲಗಿದ್ದು.

ಸೇಡಂ ರಸ್ತೆಯ ಉಪದೇಶಿ (ಕಲಬುರಗಿ)

ನಾನು ಕಥೋಲಿಕ. ನಮ್ಮ ಧರ್ಮಕ್ಷೇತ್ರದ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ಮಾಡುತ್ತೇನೆ. ಯಾದಗಿರಿಯ ಸಹೋದರರ ಅನುಭವಕ್ಕೆ ಗೌರವ ಸಲ್ಲಿಸಿಯೇ, ಎಫೆಸ 2:8ರ ಬಗ್ಗೆ ಒಂದು ಮಾತು ಹೇಳಬೇಕು. ಈ ವಾಕ್ಯವನ್ನು ನಾವೆಲ್ಲ ಅವಸರದಲ್ಲಿ ಓದುತ್ತೇವೆ.

ಆ ವಾಕ್ಯದಲ್ಲಿ ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ ಹೊಂದಿದ್ದೀರಿ ಎಂದ ಮೇಲೆ, 'ಇದು ನಿಮ್ಮಿಂದಾದದ್ದಲ್ಲ, ದೇವರ ವರ' ಎಂಬರ್ಥದ ಮಾತು ಬರುತ್ತದೆ. 'ಇದು' ಎಂದರೆ ಯಾವುದು? ಮೂಲ ಗ್ರೀಕಿನಲ್ಲಿ 'ಪಿಸ್ತಿಸ್' ಅಂದರೆ ನಂಬಿಕೆ ಸ್ತ್ರೀಲಿಂಗ, 'ಖಾರಿಸ್' ಅಂದರೆ ಕೃಪೆಯೂ ಸ್ತ್ರೀಲಿಂಗ. ಆದರೆ 'ತೂತೊ' ಅಂದರೆ 'ಇದು' ನಪುಂಸಕಲಿಂಗ. ವ್ಯಾಕರಣದ ಪ್ರಕಾರ ಅದು ನಂಬಿಕೆ ಎಂಬ ಒಂದೇ ಪದಕ್ಕೆ ನೇರವಾಗಿ ಅಂಟಿಕೊಳ್ಳುವುದಿಲ್ಲ. ಹಿಂದೆ ಹೇಳಿದ ಇಡೀ ಸಂಗತಿಯನ್ನು ಸೂಚಿಸುತ್ತದೆ. ಕನ್ನಡದ ಹಳೆಯ ಸತ್ಯವೇದದಲ್ಲಿ ಭಾಷಾಂತರಕಾರರು ಈ ಗೊಂದಲವನ್ನು ತಾವೇ ಬಿಡಿಸಿ, ವರವಾದದ್ದು ಆ ರಕ್ಷಣೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಪ್ರೊಟೆಸ್ಟೆಂಟರಿಗೆ ಪ್ರಿಯನಾದ ಕಾಲ್ವಿನನೂ ತನ್ನ ವ್ಯಾಖ್ಯಾನದಲ್ಲಿ, ಇಲ್ಲಿ ಪೌಲನು ಹೇಳುತ್ತಿರುವುದು ನಂಬಿಕೆ ಎಂಬ ವರದ ಬಗ್ಗೆ ಅಲ್ಲ, ರಕ್ಷಣೆ ಎಂಬ ವರದ ಬಗ್ಗೆ ಎಂದೇ ತಿಳಿಸಿದ್ದಾನೆ. ನಂಬುವುದೂ ಅನುಗ್ರಹವೇ ಎಂದು ತೋರಿಸಬೇಕಾದರೆ ಫಿಲಿಪ್ಪಿ 1:29 ಹೆಚ್ಚು ನೇರವಾದ ವಚನ. ಹಾಗಾಗಿ ನಾನು ಸಹೋದರರ ಸಿದ್ಧಾಂತವನ್ನು ತಳ್ಳಿಹಾಕುತ್ತಿಲ್ಲ. ಅದರ ಒಂದು ಕಂಬವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತಿದ್ದೇನೆ.

ಕಥೋಲಿಕರು ನಂಬಿಕೆಯನ್ನು ಸ್ವಂತ ಪ್ರಯತ್ನವೆಂದು ಭಾವಿಸುತ್ತಾರೆ ಎಂಬ ಮಾತು ನಮ್ಮ ಭಾಗದಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಅದು ಸರಿಯಲ್ಲ. ಮನುಷ್ಯನು ತನ್ನ ಇಚ್ಛಾಶಕ್ತಿಯಿಂದಲೇ ಒಳ್ಳೆಯವನಾಗಬಲ್ಲನು ಎಂದ ಪೆಲಾಜಿಯಸನ ಬೋಧನೆಯನ್ನು 418ರ ಕಾರ್ಥೇಜಿನ ಸಭೆ ತಿರಸ್ಕರಿಸಿತು. ಆಗ ಕೆಲವರು, ಪೂರ್ತಿ ಅಲ್ಲದಿದ್ದರೂ ನಂಬಿಕೆಯ ಮೊದಲ ಹೆಜ್ಜೆಯಾದರೂ ನಮ್ಮದಿರಲಿ ಎಂದರು. 529ರಲ್ಲಿ ಈಗಿನ ಫ್ರಾನ್ಸಿನ ಒರಾಂಜ್ ಎಂಬಲ್ಲಿ ಕೂಡಿದ ಸಭೆ ಅದನ್ನೂ ಒಪ್ಪದೆ, ನಂಬಬೇಕೆಂಬ ಆಸೆ ಹುಟ್ಟುವುದು ಕೂಡ ವರಪ್ರಸಾದದಿಂದಲೇ ಎಂದು ತೀರ್ಮಾನಿಸಿತು. ಅದೇ ಸಭೆ, ದೇವರು ಯಾರನ್ನಾದರೂ ಕೇಡಿಗೆಂದು ಮೊದಲೇ ಗೊತ್ತುಮಾಡಿದ್ದಾನೆ ಎಂಬ ಮಾತನ್ನು ಅಷ್ಟೇ ಕಠಿಣವಾಗಿ ಖಂಡಿಸಿತು. ಇದನ್ನು ಹೇಳುವವರು ಕಡಿಮೆ. 1547ರಲ್ಲಿ ತ್ರೆಂತ್ ಮಹಾಸಭೆ, ಆ ಕರೆಗೆ ಮನುಷ್ಯನು ಒಪ್ಪಬಲ್ಲನು, ಬೇಡವೆಂದೂ ಅನ್ನಬಲ್ಲನು ಎಂಬುದನ್ನು ಸೇರಿಸಿತು. ನಮಗೆ ಆಯ್ಕೆ ಎಂಬುದು ಅಲ್ಲಿದೆ. ಕರೆಯ ನಂತರ, ಕರೆಗೆ ಎದುರಾಗಿ.

ಹುಮನಾಬಾದಿನ ಸಭಾಪಾಲಕ

ಮಂಗಲಪೇಟೆಯ ಅಕ್ಕನವರು ನಮ್ಮ ಸಭೆಯವರೇ ಆದದ್ದರಿಂದ ನಾನು ಮೊದಲೇ ಬರೆಯಬೇಕಾಗಿತ್ತು. ತಡವಾದದ್ದಕ್ಕೆ ಕ್ಷಮೆಯಿರಲಿ.

ನಮ್ಮ ಮೆಥೋಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯವರು ಈ ವಿಷಯದಲ್ಲಿ ಜಗಳವಾಡಿದ್ದು ಶತ್ರುಗಳೊಡನೆ ಅಲ್ಲ, ಆಪ್ತಮಿತ್ರರಾದ ಜಾರ್ಜ್ ವಿಟ್‌ಫೀಲ್ಡರೊಡನೆ. 1739ರಲ್ಲಿ ವೆಸ್ಲಿಯವರು ದೇವರ ಕೃಪೆ ಎಲ್ಲರಲ್ಲಿಯೂ ಎಲ್ಲರಿಗಾಗಿಯೂ ಉಚಿತವಾಗಿದೆ ಎಂದು ಬೋಧಿಸಿದರು. ವಿಟ್‌ಫೀಲ್ಡರು ಆರಿಸಲ್ಪಟ್ಟವರಿಗೆ ಮಾತ್ರ ಎಂದರು. ಇಬ್ಬರೂ ಗಿರಣಿ ಕೆಲಸದವರ, ಗಣಿ ಕಾರ್ಮಿಕರ ನಡುವೆ ಬಯಲಿನಲ್ಲಿ ನಿಂತು ಸುವಾರ್ತೆ ಸಾರಿದವರು. ವೆಸ್ಲಿಯವರ ಉತ್ತರ ಹೀಗಿತ್ತು: ಬಿದ್ದ ಮನುಷ್ಯನು ತಾನಾಗಿ ದೇವರ ಕಡೆಗೆ ತಿರುಗಲಾರನು, ಇದರಲ್ಲಿ ಸಂದೇಹವಿಲ್ಲ, ಆದರೆ ತಿರುಗುವ ಶಕ್ತಿಯನ್ನು ದೇವರು ಯಾರಿಗೂ ಕೊಡದೆ ಬಿಟ್ಟಿಲ್ಲ. ಪ್ರತಿಯೊಬ್ಬ ಮನುಷ್ಯನಿಗೂ ಬೆಳಕು ಕೊಡುವ ನಿಜವಾದ ಬೆಳಕು ಎಂದು ಯೋಹಾನ 1:9 ಹೇಳುವುದು ಅದನ್ನೇ. ನಾವು ಇದನ್ನು ಮುಂಚಿತವಾಗಿ ಬರುವ ಕೃಪೆ ಎನ್ನುತ್ತೇವೆ. ನಾವು ಕರೆಯುವ ಮೊದಲೇ, ನಮಗೆ ಅರಿವು ಮೂಡುವ ಮೊದಲೇ ಅದು ಬಂದಿರುತ್ತದೆ. 4 ತಿಂಗಳ ಕೂಸಿಗೆ ನಾವು ನೀರು ಹಾಕುವುದು ಕೂಸು ಆರಿಸಿಕೊಂಡಿದೆ ಎಂದು ಅಲ್ಲ. ಕೂಸು ಆರಿಸಿಕೊಳ್ಳುವ ಮೊದಲೇ ಆರಿಸಿಕೊಂಡವನೊಬ್ಬನಿದ್ದಾನೆ ಎಂದು ಸಾರುವುದಕ್ಕೆ. ದೃಢೀಕರಣದ ದಿನ ಮಗು ಅದಕ್ಕೆ ತನ್ನ ಬಾಯಿಂದ 'ಆಗಲಿ' ಎನ್ನುತ್ತದೆ, ಅಥವಾ ಅನ್ನುವುದಿಲ್ಲ.

ನಾನು ಚಿಕ್ಕವನಿದ್ದಾಗ ಬೀದರದ ನೌಬಾದಿನಲ್ಲಿ ಬೆಳೆದೆ. ಅಲ್ಲಿಯ ಸುರಂಗ ಬಾವಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಬಹಮನಿಗಳ ಕಾಲದ್ದು. ಬೀದರದ ಜಂಬಿಟ್ಟಿಗೆ ನೆಲ ಮಳೆನೀರನ್ನು ಕುಡಿಯುತ್ತದೆ. ಆ ನೀರು ಕೆಳಗಿನ ಕರಿಕಲ್ಲಿನ ಪದರಕ್ಕೆ ತಾಗಿ ನಿಲ್ಲುತ್ತದೆ. ಆ ಎರಡು ಕಲ್ಲುಗಳು ಕೂಡುವ ಮಟ್ಟದಲ್ಲಿ ಸಣ್ಣ ಇಳಿಜಾರು ಕೊಟ್ಟು ಸುರಂಗ ತೋಡಿ, ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ಬಿಟ್ಟಿದ್ದಾರೆ. ಎತ್ತುವ ಯಂತ್ರವಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಅದಕ್ಕೆ ಹೂಳು ತುಂಬಿದ ಕಾಲವೂ ಇತ್ತು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದಾಗ ನೀರು ಮತ್ತೆ ಕಾಣಿಸಿಕೊಂಡಿತು. ಹೂಳು ತೆಗೆದವರು ನೀರನ್ನು ಉಂಟುಮಾಡಲಿಲ್ಲ. ಹಾಗೆಂದು ತೆಗೆಯದೆ ಬಿಟ್ಟಿದ್ದರೆ ಕುಡಿಯಲು ಸಿಗುತ್ತಿರಲಿಲ್ಲ. ಕೃಪೆ ಮತ್ತು ಇಚ್ಛೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ಸುರಂಗವೇ ಕಣ್ಣಮುಂದೆ ಬರುತ್ತದೆ.

ಯಾದಗಿರಿಯ ವಾಚಕ

ಅಯ್ಯನವರೇ, ಉಪಮೆ ಚೆನ್ನಾಗಿದೆ, ಆದರೆ ಹೂಳು ತೆಗೆಯುವ ಕೈಗೆ ಬಲ ಎಲ್ಲಿಂದ ಬಂತು ಎಂಬಲ್ಲಿಯೇ ನನ್ನ ಪ್ರಶ್ನೆ ನಿಂತಿದೆ. ಎಲ್ಲರಿಗೂ ಒಂದೇ ಅಳತೆಯ ಕೃಪೆ ಬಂದಿದ್ದು, ಒಬ್ಬನು ಹೂಳು ತೆಗೆದನು, ಇನ್ನೊಬ್ಬನು ತೆಗೆಯಲಿಲ್ಲ ಎಂದರೆ, ಇಬ್ಬರ ನಡುವಿನ ವ್ಯತ್ಯಾಸ ದೇವರದ್ದಲ್ಲ, ತೆಗೆದವನದ್ದು. ಆಗ ಅವನಿಗೆ ಹೆಮ್ಮೆಪಡಲು ಒಂದು ಚೂರು ಜಾಗ ಉಳಿಯುತ್ತದೆ. ನಿನ್ನಲ್ಲಿರುವುದರಲ್ಲಿ ನೀನು ಹೊಂದದೆ ಇರುವಂಥದ್ದು ಯಾವುದು ಎಂದು ಪೌಲನು ಕೊರಿಂಥದವರನ್ನು ಕೇಳುತ್ತಾನೆ (1 ಕೊರಿಂಥ 4:7). ಪೆಲಾಜಿಯಸನ ವಿರುದ್ಧ ಬರೆದ ಸಭಾಪಿತೃ ಆಗಸ್ಟೀನನು ಮೊದಲು ನಿಮ್ಮಂತೆಯೇ ಯೋಚಿಸುತ್ತಿದ್ದು, ಈ ಒಂದು ಪ್ರಶ್ನೆಯಿಂದಲೇ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡೆನೆಂದು ಮುಂದೆ ತಾನೇ ಬರೆದಿದ್ದಾನೆ.

ರೋಜಾ ಬಡಾವಣೆಯ ನೆರೆಯವನು (ಕಲಬುರಗಿ)

ನಾನು ಮುಸ್ಲಿಂ, ನಿಮ್ಮ ಮಾತಿನ ನಡುವೆ ಬಂದದ್ದಕ್ಕೆ ಕ್ಷಮಿಸಬೇಕು. ಬಂದೇ ನವಾಜರ ದರ್ಗಾದ ನೆರಳಲ್ಲಿ ಬೆಳೆದ ನಮಗೆ ಈ ಚರ್ಚೆ ಹೊಸದಲ್ಲ. ಯಾರಾದರೂ ಒಳ್ಳೆಯ ದಾರಿಗೆ ಬಂದರೆ ನಮ್ಮ ಮನೆಗಳಲ್ಲಿ ಹಿರಿಯರು ಅವನು ಬದಲಾದ ಎನ್ನುವುದಿಲ್ಲ, ಅವನಿಗೆ ಹಿದಾಯತ್, ಅಂದರೆ ದೇವರ ಮಾರ್ಗದರ್ಶನ, ಸಿಕ್ಕಿತು ಎನ್ನುತ್ತಾರೆ. ದೀನಿನಲ್ಲಿ, ಅಂದರೆ ಧರ್ಮದಲ್ಲಿ, ಬಲವಂತವಿಲ್ಲ ಎಂಬುದನ್ನೂ ಅವರೇ ಹೇಳುತ್ತಾರೆ. ಈ ಎರಡು ಮಾತುಗಳನ್ನು ಒಬ್ಬರೇ ಹಿರಿಯರ ಬಾಯಿಂದ ಕೇಳಿ ಬೆಳೆದ ನನಗೆ, ಆ ತಾಯಿ ಮಗಳಿಗೆ ಎರಡೂ ನಿಜ ಎಂದದ್ದು ತಪ್ಪಿಸಿಕೊಳ್ಳುವ ಉತ್ತರವೆಂದು ಅನ್ನಿಸಲಿಲ್ಲ.

ಬಸವಕಲ್ಯಾಣದ ಓದುಗ

ಮಂಗಲಪೇಟೆಯ ಅಕ್ಕನವರ ಪಕ್ಕದ ಮನೆಯ ಹುಡುಗಿಯಂತೆ ನಾನೂ ಲಿಂಗಾಯತನು. ಆದ್ದರಿಂದ ಆ ಹುಡುಗಿಯ ಪರವಾಗಿ ಎರಡು ಮಾತು. ನಮ್ಮಲ್ಲಿಯೂ ಕೂಸಿಗೆ ಲಿಂಗಧಾರಣೆ ಮಾಡುತ್ತಾರೆ, ಬೆಳೆದ ಮೇಲೆ ದೀಕ್ಷೆ ಎಂಬುದಿದೆ. ಕೇಳದೆ ಕಟ್ಟಿದ್ದನ್ನು ತಿಳಿದು ಧರಿಸುವ ಕಷ್ಟ ನಮಗೂ ಹೊರತಲ್ಲ. ಅವನು ಒಲಿದರೆ ಕೊರಡೂ ಕೊನರುತ್ತದೆ ಎಂದು ಹೇಳಿದ ಬಸವಣ್ಣನವರು ಇದೇ ಕಲ್ಯಾಣದಲ್ಲಿ ನಿಂತು, ಹುಟ್ಟಿದ ಜಾತಿಯ ಕಟ್ಟನ್ನು ಬಿಟ್ಟು ಬರುವಂತೆ ಜನರನ್ನು ಕರೆದರು. ಒಲಿಯುವುದು ಅವನ ಕೆಲಸ, ಬಿಟ್ಟು ಬರುವುದು ನಿನ್ನ ಕೆಲಸ ಎಂದು ಅವರು ಭಾಗ ಮಾಡಿ ಕೊಟ್ಟಂತೆ ನನಗೆ ತೋರುವುದಿಲ್ಲ.

ಶ್ರೀವೈಷ್ಣವರಲ್ಲಂತೂ ಈ ಪ್ರಶ್ನೆಯ ಮೇಲೆಯೇ ಎರಡು ಪಂಗಡಗಳು ಬೇರೆಯಾಗಿವೆ. ಬೆಕ್ಕು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ, ಮರಿ ಏನೂ ಮಾಡಬೇಕಾಗಿಲ್ಲ ಎಂಬುದು ತೆಂಗಲೆಯವರ ಮಾರ್ಜಾಲ ಕಿಶೋರ ನ್ಯಾಯ. ಮಂಗನ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಅವುಚಿಕೊಳ್ಳಬೇಕು ಎಂಬುದು ವಡಗಲೆಯವರ ಮರ್ಕಟ ಕಿಶೋರ ನ್ಯಾಯ. ಯಾದಗಿರಿಯವರು ಬೆಕ್ಕಿನ ಕಡೆ, ಹುಮನಾಬಾದಿನ ಅಯ್ಯನವರು ಮಂಗನ ಕಡೆ ಇದ್ದಂತೆ ಕಾಣುತ್ತದೆ. ಆದರೆ ಎರಡು ಕಡೆಯಲ್ಲಿಯೂ ನೆಲದ ಮೇಲೆ ಬಿದ್ದ ಮರಿಯನ್ನು ಹುಡುಕಿಕೊಂಡು ಬರುವುದು ತಾಯಿಯೇ ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ.

ಯಾದಗಿರಿಯ ವಾಚಕ

ಬಸವಕಲ್ಯಾಣದ ಅಣ್ಣನವರು ಕೊರಡಿನ ಮಾತು ಎತ್ತಿದ್ದು ನನಗೆ ಆಶ್ಚರ್ಯವನ್ನೂ ಸಂತೋಷವನ್ನೂ ತಂದಿತು. ಕಾರಣವಿದೆ. ಕಾಲ್ವಿನನ ದಾರಿ ಹಿಡಿದ ನಮ್ಮ ಸುಧಾರಿತ ಸಭೆಗಳ ಸಿದ್ಧಾಂತವನ್ನು ಗಟ್ಟಿಗೊಳಿಸಿದ್ದು 1618ರಿಂದ 1619ರವರೆಗೆ ಹಾಲೆಂಡಿನ ಡೋರ್ಟ್ ಪಟ್ಟಣದಲ್ಲಿ ಕೂಡಿದ ಸಭೆ. ಮನುಷ್ಯನು ಕೃಪೆಯನ್ನು ಬೇಡವೆನ್ನಬಲ್ಲನು ಎಂದ ಅರ್ಮೀನಿಯಸನ ಶಿಷ್ಯರು 1610ರಲ್ಲಿ ಮುಂದಿಟ್ಟ ಐದು ಅಂಶಗಳಿಗೆ ಅದು ಉತ್ತರ ಕೊಟ್ಟಿತು. ನಂಬಿಕೆ ವರವೆಂದರೆ ಮುಂದೆ ಹಿಡಿದು, ಬೇಕಾದರೆ ತೆಗೆದುಕೋ ಬೇಡವಾದರೆ ಬಿಡು ಎನ್ನುವಂಥದ್ದಲ್ಲ; ದೇವರು ಅದನ್ನು ಮನುಷ್ಯನೊಳಗೆ ನಿಜವಾಗಿ ಊದಿ ತುಂಬುತ್ತಾನೆ ಎಂದು ಅಲ್ಲಿ ಹೇಳಿದ್ದಾರೆ. ಆದರೆ ಅದೇ ನಿರ್ಣಯದಲ್ಲಿ, ಎರಡು ಪರಿಚ್ಛೇದಗಳ ಆಚೆಗೆ, ಈ ಕೃಪೆ ಮನುಷ್ಯರನ್ನು ಕಲ್ಲು ಕೊರಡುಗಳಂತೆ ನಡೆಸಿಕೊಳ್ಳುವುದಿಲ್ಲ, ಅವರ ಇಚ್ಛೆಯನ್ನು ಕಿತ್ತುಕೊಳ್ಳುವುದಿಲ್ಲ, ಅದಕ್ಕೆ ಜೀವ ಕೊಟ್ಟು ಗುಣಪಡಿಸಿ ಮೃದುವಾಗಿ ಬಾಗಿಸುತ್ತದೆ ಎಂಬ ಮಾತೂ ಇದೆ. ವರ ಎಂದರೆ ಬಲವಂತ ಎಂದು ನಮ್ಮನ್ನು ಆಕ್ಷೇಪಿಸುವವರು ಈ ಭಾಗವನ್ನು ಓದಬೇಕು. ಬಾಗಿದ ಮೇಲೆ ಬರುವವನು ತಾನೇ ಬರುತ್ತಾನೆ, ಸಂತೋಷದಿಂದಲೇ ಬರುತ್ತಾನೆ.

ಸುರಪುರದವಳು

ಒಂದು ವಾರದಿಂದ ಇದನ್ನೆಲ್ಲ ಓದುತ್ತಿದ್ದೇನೆ. ಬರೆಯಬಾರದು ಎಂದುಕೊಂಡಿದ್ದೆ.

ಬಾಗಿದವರು ಸಂತೋಷದಿಂದ ಬರುತ್ತಾರೆ ಎಂದಿರಿ. ನಾನು ಬಾಗಿದೆ, ನನಗೆ ಏನೂ ಬರಲಿಲ್ಲ. ನನ್ನ ಗಂಡ ಹಾಸಿಗೆ ಹಿಡಿದ 2 ವರ್ಷ ನಾನು ಹೋಗದ ಕೂಟವಿಲ್ಲ, ಮಾಡದ ಉಪವಾಸವಿಲ್ಲ. ಕೈ ಎತ್ತು ಎಂದಾಗ ಎತ್ತಿದ್ದೇನೆ, ಮುಂದೆ ಬಾ ಎಂದಾಗ ಮುಂದೆ ಹೋಗಿ ಮೊಣಕಾಲೂರಿದ್ದೇನೆ. ಸುತ್ತಲಿನವರು ಅಳುತ್ತಿದ್ದರು, ನಗುತ್ತಿದ್ದರು, ಸಾಕ್ಷಿ ಹೇಳುತ್ತಿದ್ದರು. ನನ್ನೊಳಗೆ ಬರಿಗೊಡದಂಥ ಮೌನ. ಗಂಡ ತೀರಿಕೊಂಡ ಮೇಲೆ, ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರು ನನ್ನ ನಂಬಿಕೆ ಸಾಲದಾಯಿತು ಎಂದರು. ಸಮಾಧಿಯ ಮಣ್ಣು ಆಗಿನ್ನೂ ಹಸಿಯಾಗಿತ್ತು.

ನಂಬಿಕೆ ಆಯ್ಕೆ ಎನ್ನುವವರ ಪ್ರಕಾರ ತಪ್ಪು ನನ್ನದು. ವರ ಎನ್ನುವವರ ಪ್ರಕಾರ ದೇವರು ನನಗೆ ಕೊಡದಿರಲು ನಿರ್ಧರಿಸಿದ್ದಾನೆ. ಗ್ರೀಕ್ ವ್ಯಾಕರಣವನ್ನೂ ಡೋರ್ಟ್ ಸಭೆಯನ್ನೂ ಬಲ್ಲ ಹಿರಿಯರು ನನಗೆ ಇಷ್ಟು ಹೇಳಿ: ಈ ಎರಡು ಉತ್ತರಗಳಲ್ಲಿ ನನ್ನಂಥವಳು ನಿಲ್ಲುವ ಜಾಗ ಎಲ್ಲಿದೆ?

ಯಾದಗಿರಿಯ ವಾಚಕ

ಅಕ್ಕಾ, ನಾನು ಮೇಲೆ ಬರೆದದ್ದರಲ್ಲಿ ಸುಳ್ಳೇನೂ ಇಲ್ಲವೆಂದು ಈಗಲೂ ನಂಬುತ್ತೇನೆ. ಆದರೆ ನಿಮಗೆ ಹೇಳಬೇಕಾದದ್ದು ಅದಾಗಿರಲಿಲ್ಲ. ಯಾರಿಗೆ ಕೊಟ್ಟಿದ್ದಾನೆ, ಯಾರಿಗೆ ಕೊಟ್ಟಿಲ್ಲ ಎಂದು ಒಬ್ಬ ಜೀವಂತ ಮನುಷ್ಯರ ಬಗ್ಗೆ ತೀರ್ಪು ಹೇಳುವ ಅಧಿಕಾರವನ್ನು ನಮ್ಮ ಸಿದ್ಧಾಂತ ಯಾರಿಗೂ ಕೊಡುವುದಿಲ್ಲ. ಆ ಬೋಧಕರು ಹೇಳಿದ್ದು ತಪ್ಪು. ನಾನು ಕೈ ಎತ್ತಿದ ಮೂರು ವರ್ಷಗಳನ್ನು ಸುಲಭವಾಗಿ ಬರೆದುಬಿಟ್ಟೆ. ನನ್ನ ರಾತ್ರಿ ಮುಗಿದಿತ್ತು, ಅದಕ್ಕೆ ಬರೆಯಲಾಯಿತು.

ಹುಮನಾಬಾದಿನ ಸಭಾಪಾಲಕ

ತಂಗೀ, ಒಂದು ಸಂಗತಿ ಹೇಳುತ್ತೇನೆ. ಇದು ಸಮಾಧಾನಕ್ಕಾಗಿ ಕಟ್ಟಿದ ಮಾತಲ್ಲ, ವೆಸ್ಲಿಯವರು ತಮ್ಮ ದಿನಚರಿಯಲ್ಲಿ ಬರೆದಿಟ್ಟದ್ದು. ಅವರಿಗೆ 1728ರಲ್ಲಿಯೇ ಗುರುದೀಕ್ಷೆಯಾಗಿತ್ತು. ಸಮುದ್ರ ದಾಟಿ ಅಮೆರಿಕದ ಜಾರ್ಜಿಯಾದಲ್ಲಿ ಸೇವೆ ಮಾಡಿ ಬಂದಿದ್ದರು. ಆದರೂ 1738ರ ಮಾರ್ಚ್ ತಿಂಗಳಲ್ಲಿ ತಮ್ಮೊಳಗೆ ನಂಬಿಕೆಯೇ ಇಲ್ಲವೆಂದು ಅವರಿಗೆ ಖಾತ್ರಿಯಾಯಿತು, ಪ್ರಸಂಗ ಮಾಡುವುದನ್ನು ಬಿಟ್ಟುಬಿಡಬೇಕೆಂದುಕೊಂಡರು. ಪೀಟರ್ ಬೋಲರ್ ಎಂಬ ಮೊರೇವಿಯನ್ ಗೆಳೆಯರು ಬಿಡಬೇಡಿ ಎಂದರು. ನಂಬಿಕೆ ಬರುವವರೆಗೂ ಅದನ್ನೇ ಸಾರಿರಿ, ಬಂದ ಮೇಲೆ ಬಂದಿದೆಯೆಂದು ಸಾರುವಿರಿ ಎಂದು ಹೇಳಿದರು. ಎರಡು ತಿಂಗಳ ಮೇಲೆ, ಮೇ 24ರ ಸಂಜೆ, ಮನಸ್ಸಿಲ್ಲದ ಮನಸ್ಸಿನಿಂದ ಅವರು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಅಲ್ಲಿ ಯಾರೋ ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರನ ಪೀಠಿಕೆಯನ್ನು ಓದುತ್ತಿದ್ದಾಗ ಅವರ ಹೃದಯ ಬೆಚ್ಚಗಾಯಿತು. ಅವರು ಹೋಗಬೇಕೆಂದು ಹಂಬಲಿಸಿ ಹೋಗಿರಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ನಿಮಗೂ ಒಂದು ದಿನ ಹಾಗೆ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಹಾಗೆ ಭರವಸೆ ಕೊಟ್ಟವರಿಂದಲೇ ನೀವು ನೊಂದಿದ್ದೀರಿ. ಮಾರ್ಕನ ಸುವಾರ್ತೆಯಲ್ಲಿ ಮಗನ ರೋಗಕ್ಕಾಗಿ ಬಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಒಂದೇ ಉಸಿರಿನಲ್ಲಿ ಕೂಗಿಕೊಂಡನು (9:24). ಯೇಸುಸ್ವಾಮಿ ಅವನಿಗೆ, ಮೊದಲು ಅಪನಂಬಿಕೆ ಬಿಟ್ಟು ಬಾ ಎನ್ನಲಿಲ್ಲ.

ಚಿಂಚೋಳಿಯ ನಿವೃತ್ತ

ನನಗೆ 78 ವರ್ಷ. ಕಣ್ಣು ಮಂದವಾಗಿದೆ, ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಬರೆಯುತ್ತಿದ್ದಾನೆ.

ನೀವೆಲ್ಲರೂ ನಂಬಿಕೆಯನ್ನು ಒಬ್ಬ ಮನುಷ್ಯ ಮತ್ತು ದೇವರು, ಇಬ್ಬರ ನಡುವೆ ಮಾತ್ರ ಇಟ್ಟು ನೋಡುತ್ತಿದ್ದೀರಿ. ನಮ್ಮ ಕೇರಿಗೆ ಅದು ಹಾಗೆ ಬರಲಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಅಜ್ಜ ಒಬ್ಬನೇ ಕುಳಿತು ಆರಿಸಿಕೊಂಡವನಲ್ಲ. ಕೇರಿಯ ಹಿರಿಯರು ಬೇವಿನ ಕಟ್ಟೆಯ ಮೇಲೆ ಕೂಡಿ, ಮೂರು ರಾತ್ರಿ ಮಾತಾಡಿ, ಹೋದರೆ ಎಲ್ಲರೂ ಹೋಗೋಣ ಎಂದು ತೀರ್ಮಾನಿಸಿದರು. ನಮ್ಮ ಅಜ್ಜಿಗೆ ಇಷ್ಟವಿರಲಿಲ್ಲವಂತೆ, ಆದರೂ ಹೋದಳು. ಆ ಅಜ್ಜಿಯೇ ಮುಂದೆ 40 ವರ್ಷ ಬೆಳಗಿನ ಜಾವ ಎದ್ದು ಇಡೀ ಕೇರಿಯ ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸಿದವಳು. ಅವಳಿಗೆ ನಂಬಿಕೆ ಕೊಟ್ಟದ್ದು ದೇವರೋ, ಆರಿಸಿಕೊಂಡದ್ದು ಅವಳೋ, ಕೇರಿಯೋ? ನಾನು ಈ ವಯಸ್ಸಿನವರೆಗೂ ಇದನ್ನು ಬಿಡಿಸಲು ನೋಡಿದ್ದೇನೆ, ಆಗಿಲ್ಲ.

ಇಂಥವರನ್ನು ಹೊಟ್ಟೆಗಾಗಿ ಹೋದವರು ಎಂದು ಹೀಗಳೆಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಗುಂಪುಗುಂಪಾಗಿ ಸಭೆಗೆ ಬಂದವರ ಬಗ್ಗೆ ಪಿಕೆಟ್ ಎಂಬ ಮೆಥೋಡಿಸ್ಟ್ ಮಿಷನರಿ ದೇಶದ ಹಲವು ಕಡೆ ವಿಚಾರಿಸಿ 1933ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನ ಯಾವ ಕಾರಣಕ್ಕೆ ಬಂದರು ಎಂಬುದಕ್ಕಿಂತ, ಬಂದ ಮೇಲೆ ಅವರನ್ನು ಹೇಗೆ ನೋಡಿಕೊಂಡರು, ಏನು ಕಲಿಸಿದರು ಎಂಬುದರ ಮೇಲೆಯೇ ಮುಂದೆ ಅವರ ನಂಬಿಕೆ ನಿಂತಿತು ಎಂದು ಅವರು ಕಂಡುಕೊಂಡರು. ನಮ್ಮ ಅಜ್ಜಿಯನ್ನು ನೋಡಿದ ನನಗೆ ಅದು ಸರಿಯೆನಿಸುತ್ತದೆ. ಇನ್ನು ಹೊಟ್ಟೆಯ ಮಾತಿಗೆ ಬಂದರೆ, 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಹಿಂದೂ ಧರ್ಮದವರಲ್ಲದವರು ಪರಿಶಿಷ್ಟ ಜಾತಿಯವರಲ್ಲ ಎಂದಾಯಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು. ಕ್ರೈಸ್ತರಾದವರು ಹೊರಗೇ ಉಳಿದರು. ನನ್ನ ವಾರಿಗೆಯವರು ಕೆಲವರು ಕಾಗದದಲ್ಲಿ ಒಂದು ಹೆಸರು, ಸಭೆಯಲ್ಲಿ ಒಂದು ಹೆಸರು ಇಟ್ಟುಕೊಂಡರು. ಅವರನ್ನು ನಾನು ದೂರುವುದಿಲ್ಲ. ನಮ್ಮಪ್ಪ ಒಂದೇ ಹೆಸರು ಇಟ್ಟುಕೊಂಡ. ನೌಕರಿ ಸಿಗಲಿಲ್ಲ, ತೊಗರಿ ಹೊಲದಲ್ಲಿ ಕೂಲಿ ಮಾಡಿಯೇ ನಮ್ಮನ್ನು ಓದಿಸಿದ. ವರ ಎಂದರೆ ಬೆಲೆಯಿಲ್ಲದೆ ಸಿಗುವುದು ಎಂದು ಪ್ರಸಂಗಿಗಳು ಹೇಳುವಾಗ ನನಗೆ ನಮ್ಮಪ್ಪನ ಕೈಗಳು ನೆನಪಾಗುತ್ತವೆ. ಕೊಟ್ಟವನು ಬೆಲೆ ಕೇಳಲಿಲ್ಲ, ನಿಜ. ಇಟ್ಟುಕೊಳ್ಳುವುದಕ್ಕೆ ಬೆಲೆ ತೆತ್ತೆವು.

ಸುರಪುರದ ಮಗಳೇ, ಮಾರ್ಕನ ಎರಡನೆಯ ಅಧ್ಯಾಯವನ್ನು ತೆಗೆದು ನೋಡು. ಪಾರ್ಶ್ವವಾಯು ಹಿಡಿದವನನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ತೆಗೆದು, ದೋಲಿಯನ್ನು ಕೆಳಗೆ ಇಳಿಸಿದರು. ಯೇಸುಸ್ವಾಮಿ ಅವರ ನಂಬಿಕೆಯನ್ನು ನೋಡಿದರು ಎಂದು ಅಲ್ಲಿ ಬರೆದಿದೆ. ಅವನ ನಂಬಿಕೆಯನ್ನು ಎಂದು ಬರೆದಿಲ್ಲ. ಮಲಗಿದವನು ನಂಬಿದ್ದನೋ ಇಲ್ಲವೋ, ಒಂದು ಅಕ್ಷರ ಹೇಳಿಲ್ಲ. ಎರಡು ವರ್ಷ ನೀನು ನಿನ್ನ ಗಂಡನ ದೋಲಿಯನ್ನು ಒಬ್ಬಳೇ ಹೊತ್ತೆ. ನಾಲ್ಕು ಜನ ಹೊರುವ ಭಾರ ಅದು. ಕೂಟಕ್ಕೆ ಬಂದವರು ಕೈ ಎತ್ತು ಎನ್ನುವ ಬದಲು ಒಂದೊಂದು ಮೂಲೆ ಹಿಡಿಯಬೇಕಾಗಿತ್ತು. ಹಿಡಿಯದವರ ಪರವಾಗಿ ಈ ಮುದುಕ ನಿನ್ನ ಕ್ಷಮೆ ಕೇಳುತ್ತಾನೆ.

ಸೇಡಂ ರಸ್ತೆಯ ಉಪದೇಶಿ (ಕಲಬುರಗಿ)

ಅಜ್ಜನವರ ಮಾತಿನ ಮೇಲೆ ಬರೆಯುವುದು ಕಷ್ಟ. ಆದರೂ ಮಂಗಲಪೇಟೆಯ ಮಗಳ ಎರಡನೆಯ ಪ್ರಶ್ನೆಗೆ, ಅಂದರೆ ಪಕ್ಕದ ಮನೆಯ ಗೆಳತಿಯ ವಿಷಯಕ್ಕೆ, ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲವೆಂದು ನೆನಪಿಸುತ್ತೇನೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಕ್ರಿಸ್ತನು ಎಲ್ಲರಿಗಾಗಿ ಸತ್ತದ್ದರಿಂದ, ದೇವರಿಗೆ ಮಾತ್ರ ತಿಳಿದ ರೀತಿಯಲ್ಲಿ ಪವಿತ್ರಾತ್ಮನು ಎಲ್ಲರಿಗೂ ಆ ರಹಸ್ಯದಲ್ಲಿ ಪಾಲುಗೊಳ್ಳುವ ಅವಕಾಶ ಕೊಡುತ್ತಾನೆ ಎಂದು ಬೋಧಿಸಿತು. ಅದೇ ವರ್ಷ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು ಎಂದೂ ಹೇಳಿತು. ವರವಾದದ್ದನ್ನು ಬಲವಂತದಿಂದ ಕೊಡಿಸಲಾಗುವುದಿಲ್ಲ ಎಂಬ ಕಾರಣವೂ ಅದರೊಳಗೆ ಇದೆ. ನಮ್ಮ ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಡುತ್ತದೆ. ಸರಕಾರದ ಕಣ್ಣಿಗೆ ನಂಬಿಕೆ ಆಯ್ಕೆಯಾಗಿಯೇ ಕಾಣಬೇಕು, ಅದು ಸರಿಯೂ ಹೌದು. ಮೊಣಕಾಲೂರಿದಾಗ ನಾವು ಬೇರೆ ಭಾಷೆ ಮಾತಾಡುತ್ತೇವೆ.

ಯಾದಗಿರಿಯವರಿಗೂ ಹುಮನಾಬಾದಿನವರಿಗೂ ಇನ್ನೊಂದು ಸಂಗತಿ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ, ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂಬ ಹೇಳಿಕೆಗೆ ಸಹಿ ಮಾಡಿದರು. 2006ರಲ್ಲಿ ಮೆಥೋಡಿಸ್ಟರೂ 2017ರಲ್ಲಿ ಸುಧಾರಿತ ಸಭೆಗಳವರೂ ಅದಕ್ಕೆ ಸೇರಿದರು. ಇಲ್ಲಿ ವಾದಿಸುತ್ತಿರುವ ನಮ್ಮ ಮೂವರ ಸಭೆಗಳೂ ಅದರಲ್ಲಿವೆ. ಆಯ್ಕೆಯ ಪಾಲೆಷ್ಟು ಎಂಬುದರಲ್ಲಿ ಭೇದ ಉಳಿದಿದೆ, ನಾನು ಅದನ್ನು ಮುಚ್ಚಿಡುವುದಿಲ್ಲ.

ಮಂಗಲಪೇಟೆಯ ತಾಯಿ (ಬೀದರ)

ಎಲ್ಲವನ್ನೂ ಮಗಳಿಗೆ ಓದಿಸಿದೆ. ಸುರಪುರದ ಸಹೋದರಿಯ ಬರಹವನ್ನು ಅವಳಿಗೆ ತೋರಿಸಬೇಕೋ ಬೇಡವೋ ಎಂದು ಒಂದು ದಿನ ಯೋಚಿಸಿ, ಆಮೇಲೆ ಅದನ್ನೂ ತೋರಿಸಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟದ ನಂತರ, ಈ ವರ್ಷ ಹೆಸರು ಕೊಡುವುದಿಲ್ಲ, ಆದರೆ ತರಗತಿಗೆ ಹೋಗಿ ಕೂರುತ್ತೇನೆ, ಹಾಗೆ ಮಾಡಬಹುದೇ ಎಂದು ಕೇಳಿದಳು. ನಮ್ಮ ಅಯ್ಯನವರನ್ನು ವಿಚಾರಿಸಿದೆ, ಬರಲಿ ಎಂದಿದ್ದಾರೆ. ಹೆಸರು ಕೊಡದಿರುವುದು ನನ್ನ ಎದೆಗೆ ಸ್ವಲ್ಪ ಚುಚ್ಚಿತು, ಅದನ್ನು ಇಲ್ಲಿ ಮರೆಮಾಚಲಾರೆ. ಆದರೆ ಎರಡೂ ನಿಜ ಎಂದು ನಾನು ಮೊದಲು ಹೇಳಿದ್ದನ್ನು ಈಗ ಹೆದರದೆ ಹೇಳಬಲ್ಲೆ, ಅವಳೂ ಅದನ್ನು ತಪ್ಪಿಸಿಕೊಳ್ಳುವ ಮಾತೆನ್ನಲಿಲ್ಲ. ಗೆಳತಿಯ ಪ್ರಶ್ನೆ ಮಾತ್ರ ಅವಳಲ್ಲಿ ಹಾಗೆಯೇ ಇದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಸತ್ಯವೇದದೊಳಗೆ ಇಟ್ಟುಕೊಂಡಿದ್ದಾಳೆ.

ಸುರಪುರದ ತಂಗೀ, ಅಜ್ಜನವರು ದೋಲಿಯ ನಾಲ್ಕು ಮೂಲೆಯ ಮಾತು ಹೇಳಿದ ಮೇಲೆ ನಾನು ಸುಮ್ಮನಿರಲಾರೆ. ಒಂದು ಭಾನುವಾರ ನಮ್ಮ ಮನೆಗೆ ಬನ್ನಿ. ಶನಿವಾರ ರಾತ್ರಿ ನಮ್ಮಲ್ಲಿಯೇ ಉಳಿದುಕೊಳ್ಳಿ. ರೊಟ್ಟಿ ಪಲ್ಯ ಇರುತ್ತದೆ. ಆರಾಧನೆಗೆ ಬರಬೇಕೆಂದು ನಾನು ಹೇಳುವುದಿಲ್ಲ.

ಸುರಪುರದವಳು

ಅಕ್ಕಾ, ಮುಂದಿನ ಶನಿವಾರ ಕಲಬುರಗಿಯವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಬೀದರದ ರೈಲು ಹಿಡಿಯುತ್ತೇನೆ. ಚಿಂಚೋಳಿಯ ಅಜ್ಜನವರು ಬರೆಸಿದ್ದನ್ನು ಕಾಗದದ ಮೇಲೆ ಇಳಿಸಿಕೊಂಡಿದ್ದೇನೆ. ಭಾನುವಾರ ನಿಮ್ಮ ಜೊತೆಗೆ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹಾಡಲು ನನ್ನಿಂದಾಗುವುದಿಲ್ಲ. ಯಾರೂ ನನಗೆ ಕೈ ಎತ್ತು ಎನ್ನದಂತೆ ನೋಡಿಕೊಳ್ಳಿ, ಅಷ್ಟು ಸಾಕು. ನಿಮ್ಮ ಮಗಳು ಒಪ್ಪಿದರೆ ಅವಳ ಪಕ್ಕದಲ್ಲಿ ಕೂರುವ ಆಸೆಯಿದೆ.